ಯಾರ ಒಂಬತ್ತು ಗಂಟೆ?

“ನಿಮ್ಮ ಕಡೆಯವರಿಗೆ ವೇಳೆಯ ಪರಿವೆಯೇ ಇಲ್ಲ” ಎಂಬ ಮಾತನ್ನು ನಾನು ನಾಲ್ಕು ದಶಕಗಳಿಂದ ಕೇಳುತ್ತ ಬಂದಿದ್ದೇನೆ. ಆಳಂದದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಬೆಂಗಳೂರಿನಿಂದ ತಪಾಸಣೆಗೆ ಬಂದ ಮೇಲಧಿಕಾರಿಗಳು ಈ ಮಾತು ಹೇಳಿದರು. ನಿವೃತ್ತನಾದ ಮೇಲೆ ಕಚೇರಿಗಳ ಗುಮಾಸ್ತರು ಹೇಳಿದರು. ಈಗ ಸಮುದ್ರದಾಚೆಯಿಂದ ಫೋನು ಮಾಡುವ ನಮ್ಮವೇ ಮಕ್ಕಳು ನಗುನಗುತ್ತ ಅದನ್ನೇ ಹೇಳುತ್ತಿದ್ದಾರೆ. ನಗುವಿನಲ್ಲಿ ಬಂದರೂ ಅದು ಆರೋಪವೇ. ಈ ಆರೋಪವನ್ನು ನಾನು ಒಪ್ಪುವುದಿಲ್ಲ. ವೇಳೆಯ ಪರಿವೆ ಇಲ್ಲದಿರುವುದು ಕರೆಸಿಕೊಳ್ಳುವವರಿಗಲ್ಲ, ಕರೆಯುವವರಿಗೆ ಎಂಬುದು ನನ್ನ ವಾದ. “ಒಂಬತ್ತು ಗಂಟೆಗೆ ಸಿಗೋಣ” ಎಂದು ಹೇಳಿ, ಅದು ಯಾವ ಊರಿನ ಒಂಬತ್ತು ಎಂದು ಹೇಳದವನು ಅರ್ಧ ಮಾತನ್ನಷ್ಟೇ ಆಡಿದ್ದಾನೆ. ಉಳಿದರ್ಧವನ್ನು ಊಹಿಸುವ ಕೆಲಸವನ್ನು ಮತ್ತೊಬ್ಬರ ತಲೆಗೆ ಕಟ್ಟಿ, ಊಹೆ ತಪ್ಪಿದರೆ ಅವರನ್ನೇ ದಡ್ಡರೆನ್ನುತ್ತಾನೆ.

ಮೊದಲು ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ನನ್ನ ಹಳೆಯ ಶಿಷ್ಯನ ಮಗಳು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿದವಳು. ಅಮೆರಿಕದ ಒಂದು ಕಂಪನಿಯವರು ಅವಳ ಅರ್ಜಿ ನೋಡಿ ಜುಲೈ ತಿಂಗಳಲ್ಲಿ ಕಂಪ್ಯೂಟರಿನ ಮೂಲಕ ಸಂದರ್ಶನಕ್ಕೆ ಕರೆದರು. ಪತ್ರದಲ್ಲಿ ‘ಬೆಳಿಗ್ಗೆ 10, ಇಎಸ್‌ಟಿ’ ಎಂದಿತ್ತು. ಹುಡುಗಿ ಜಾಣೆ, ಪುಸ್ತಕ ತೆಗೆದು ನೋಡಿದಳು. ಇಎಸ್‌ಟಿ ಎಂದರೆ ಅಮೆರಿಕದ ಪೂರ್ವ ಭಾಗದ ಪ್ರಮಾಣ ವೇಳೆ. ಗ್ರೀನಿಚ್ಚಿಗಿಂತ ಐದು ತಾಸು ಹಿಂದೆ. ನಾವು ಐದೂವರೆ ತಾಸು ಮುಂದೆ. ಎರಡೂ ಕೂಡಿದರೆ ಹತ್ತೂವರೆ ತಾಸು. ಅಂದರೆ ನಮ್ಮ ರಾತ್ರಿ ಎಂಟೂವರೆ. ಹಳ್ಳಿಯ ವಿದ್ಯುತ್ತನ್ನು ನಂಬದೆ ಕಲಬುರಗಿಯ ಸೋದರಮಾವನ ಮನೆಗೆ ಬಂದು, ಎಂಟು ಗಂಟೆಗೇ ತಯಾರಾಗಿ ಕೂತಳು. ಎಂಟೂವರೆಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಹಾಜರಾದರೆ ಆ ಕಡೆ ಯಾರೂ ಇಲ್ಲ. ‘ಅಭ್ಯರ್ಥಿ ಹಾಜರಾಗಲಿಲ್ಲ’ ಎಂಬ ಒಕ್ಕಣೆ ಆಗಲೇ ಬಂದು ಬಿದ್ದಿತ್ತು.

ಏನಾಗಿತ್ತೆಂದರೆ, ಅಮೆರಿಕದ ಬಹುಭಾಗದಲ್ಲಿ ಮಾರ್ಚಿಯ ಎರಡನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ರವಿವಾರ ಮತ್ತೆ ಹಿಂದಕ್ಕೆ ತರುತ್ತಾರೆ. 2007ರಿಂದ ಅಲ್ಲಿಯ ಪದ್ಧತಿ ಇದು. ನಡುವಿನ ಎಂಟು ತಿಂಗಳು ಅವರದು ಪ್ರಮಾಣ ವೇಳೆಯಲ್ಲ, ಬೇಸಿಗೆ ವೇಳೆ. ಅದಕ್ಕೆ ಹೆಸರು ಇಡಿಟಿ. ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಗಂಟೆ ಎಂದರೆ ನಮ್ಮಲ್ಲಿ ಏಳೂವರೆ. ಪತ್ರ ಬರೆದವರು ವರ್ಷವಿಡೀ ರೂಢಿಯಂತೆ ಇಎಸ್‌ಟಿ ಎಂದೇ ಬರೆಯುವವರು. ಹುಡುಗಿ ಅವರು ಬರೆದದ್ದನ್ನು ಅಕ್ಷರಶಃ ಓದಿದಳು. ವಿವರಿಸಿ ಬರೆದಾಗ, ಇನ್ನು ಮುಂದೆ ವೇಳೆಯ ಬಗ್ಗೆ ಎಚ್ಚರವಿರಲಿ ಎಂಬ ಉಪದೇಶ ಬಂತು, ಕೆಲಸ ಬರಲಿಲ್ಲ. ಅವಳ ತಂದೆ ನನ್ನ ಮುಂದೆ ಕೂತು ಕೇಳಿದ: “ಬರದವ್ರು ತಪ್ಪು ಬರದ್ರ, ಓದಿದಾಕಿ ಹ್ಯಾಂಗ ತಪ್ಪಿದಂಗಾಯ್ತ್ರಿ ಸರ?” ಇದಕ್ಕೆ ಉತ್ತರ ಕೊಡಬೇಕಾದವರು ಅಷ್ಟು ದೂರದಲ್ಲಿದ್ದಾರೆ. ಆದ್ದರಿಂದಲೇ ನಾನು ಬರೆಯುತ್ತಿದ್ದೇನೆ.

ವೇಳೆಯ ಪರಿವೆಯಿಲ್ಲದ ಜನ ಎನ್ನುವವರು ನಮ್ಮ ಸೀಮೆಯ ಚರಿತ್ರೆಯನ್ನು ತುಸು ನೋಡಬೇಕು. 1948ರ ಸೆಪ್ಟೆಂಬರಿನವರೆಗೆ ಆಳಂದ, ಅಫಜಲಪುರ, ಜೇವರ್ಗಿಗಳು ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಅಫಜಲಪುರದವನು ಭೀಮಾ ನದಿ ದಾಟಿ ಇಂಡಿಯ ಕಡೆಗೆ ಕಾಲಿಟ್ಟರೆ ಅದು ಬ್ರಿಟಿಷರ ಮುಂಬಯಿ ಪ್ರಾಂತ. ಈಚೆಯ ದಂಡೆಯಲ್ಲಿ ಹಾಲಿ ಸಿಕ್ಕಾ, ಆಚೆಯ ದಂಡೆಯಲ್ಲಿ ಕಲ್ದಾರ್ ರೂಪಾಯಿ. ಈಚೆಯ ಸರ್ಕಾರಿ ಕಾಗದದಲ್ಲಿ ಆಜೂರ್, ದೈ, ಬಹಮನ್ ಎಂಬ ಫಸಲಿ ತಿಂಗಳುಗಳು. ಆಚೆಯದರಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್. ಇಲ್ಲಿ ಫಸಲಿ 1357 ನಡೆದಿದ್ದಾಗ ಅಲ್ಲಿ 1947-48. ಎತ್ತು ಮಾರಲು ಹೋದ ಒಕ್ಕಲಿಗ ಬಾಕಿ ಹಣಕ್ಕೆ ವಾಯಿದೆ ಗೊತ್ತುಮಾಡಬೇಕಾದರೆ ಈ ಎರಡು ಲೆಕ್ಕಗಳ ನಡುವೆ ದಾರಿ ಕಂಡುಕೊಳ್ಳಬೇಕಿತ್ತು.

ಸರ್ಕಾರಿ ಲೆಕ್ಕವಷ್ಟೇ ಅಲ್ಲ. ಗಾಣಗಾಪುರದ ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ ಬರುತ್ತದೆ, ಅದು ಪಂಚಾಂಗದ ಲೆಕ್ಕ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸು ಹಿಜರಿಯ ಚಂದ್ರಮಾನದಂತೆ, ಇಸವಿಯ ಲೆಕ್ಕದಲ್ಲಿ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದೆ. ಬಿತ್ತನೆಗೆ ಮಳೆ ನಕ್ಷತ್ರಗಳ ಲೆಕ್ಕ. ಒಂದೇ ಮನೆಯವರು ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುತ್ತಿದ್ದರು, ಉರುಸಿಗೆ ಆಳಂದಕ್ಕೆ ಬರುತ್ತಿದ್ದರು, ರೋಹಿಣಿ ಮೃಗಶಿರಕ್ಕೆ ಮುಗಿಲು ನೋಡುತ್ತಿದ್ದರು, ಫಸಲಿ ಲೆಕ್ಕದಂತೆ ಕಂದಾಯ ಕಟ್ಟುತ್ತಿದ್ದರು. ನಾಲ್ಕು ಕಾಲಗಣನೆಗಳನ್ನು ಓದುಬರಹವಿಲ್ಲದವರು ಕೂಡ ತಲೆಯಲ್ಲಿಟ್ಟುಕೊಂಡು ನಡೆದರು.

ಇದು ಹೇಗೆ ಸಾಧ್ಯವಾಯಿತೆಂದರೆ, ಯಾವ ಲೆಕ್ಕದಲ್ಲಿ ಹೇಳುತ್ತಿದ್ದೇವೆ ಎಂಬುದನ್ನು ಅವರು ಹೇಳುತ್ತಿದ್ದರು. ಹಳೆಯ ದಸ್ತಾವೇಜುಗಳನ್ನು ತೆಗೆದು ನೋಡಿ: ಫಸಲಿ, ಹಿಜರಿ, ಶಕೆ, ಇಸವಿ ಎಂದು ಅಂಕಿಯ ಜೊತೆಗೆ ಗಣನೆಯ ಹೆಸರೂ ಇರುತ್ತದೆ. ಬಾಯಿಮಾತಿನಲ್ಲಿ ವಾರದ ಹೆಸರೂ ಸೇರುತ್ತಿತ್ತು. ತಿಂಗಳು ಬದಲಾದರೂ ನದಿಯ ಎರಡೂ ದಂಡೆಗಳಿಗೆ ಸೋಮವಾರ ಸೋಮವಾರವೇ. ಎರಡು ರಾಜ್ಯಗಳ ನಡುವೆ ವ್ಯವಹಾರ ಮಾಡುವವನಿಗೆ ಇಷ್ಟು ಸಾಕಿತ್ತು. ಇವತ್ತು ಎರಡು ಖಂಡಗಳ ನಡುವೆ ವ್ಯವಹಾರ ಮಾಡುವವರು ಇಷ್ಟನ್ನೂ ಮಾಡುವುದಿಲ್ಲ.

ಇನ್ನು ಗಡಿಯಾರದ ಮಾತು. 1871ರಲ್ಲಿ ಮುಂಬಯಿಯ ಕಡೆಯ ಮತ್ತು ಮದರಾಸಿನ ಕಡೆಯ ರೈಲು ದಾರಿಗಳು ರಾಯಚೂರಿನಲ್ಲಿ ಕೂಡಿದವು. ಕಲಬುರಗಿಗೆ ರೈಲು ಬಂದದ್ದು ಆ ದಾರಿಯಲ್ಲಿಯೇ. ಆ ಕಾಲದ ರೈಲುಗಳು ಮದರಾಸಿನ ವೇಳೆಯಂತೆ ಓಡುತ್ತಿದ್ದವು. ಮುಂಬಯಿ ಪಟ್ಟಣ ತನ್ನದೇ ವೇಳೆ ಇಟ್ಟುಕೊಂಡಿತ್ತು, ಅದು ಮದರಾಸಿಗಿಂತ ಸುಮಾರು ಅರ್ಧ ತಾಸು ಹಿಂದೆ. 1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಪ್ರಮಾಣ ವೇಳೆ ಬಂತು. ಮುಂಬಯಿಗೆ ಅದು 39 ನಿಮಿಷದ ವ್ಯತ್ಯಾಸ. ಆ ತಿಂಗಳು ಅಲ್ಲಿಯ ಗಿರಣಿ ಕಾರ್ಮಿಕರು ಹೊಸ ಗಡಿಯಾರದ ವಿರುದ್ಧ ಪ್ರತಿಭಟಿಸಿದರು. ಅವರೇನು ವಿಜ್ಞಾನ ವಿರೋಧಿಗಳಲ್ಲ. ಗಡಿಯಾರ ತಿರುಗಿಸುವವನು ಮಾಲಕ, ನಸುಕಿನಲ್ಲಿ ಬೇಗ ಏಳಬೇಕಾದವನು ಕೂಲಿ ಎಂಬುದು ಅವರಿಗೆ ಗೊತ್ತಾಗಿತ್ತು. ವೇಳೆಯನ್ನು ಗೊತ್ತುಮಾಡುವುದು ಅಧಿಕಾರದ ವಿಷಯ. ಆಗಲೂ ಹಾಗೆ, ಈಗಲೂ ಹಾಗೆ.

ನಮ್ಮ ದೇಶದ ಪ್ರಮಾಣ ವೇಳೆಗೆ ಆಧಾರ ಮಿರ್ಜಾಪುರದ ಹತ್ತಿರ ಹಾಯುವ 82 ಡಿಗ್ರಿ 30 ನಿಮಿಷದ ರೇಖಾಂಶ. ಆಳಂದ, ಅಫಜಲಪುರ, ಜೇವರ್ಗಿಗಳು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸರ್ಕಾರದ ಗಡಿಯಾರಕ್ಕಿಂತ ಹೆಚ್ಚುಕಡಿಮೆ 24 ನಿಮಿಷ ಹಿಂದೆ. 24 ನಿಮಿಷವೆಂದರೆ ನಮ್ಮ ಹಿರಿಯರ ಸರಿಯಾದ ಒಂದು ಗಳಿಗೆ. ಹೊಲದಲ್ಲಿ ನೆರಳು ನೋಡಿ ನಡುಹಗಲು ಎನ್ನುವ ಒಕ್ಕಲಿಗನಿಗೂ ಗೋಡೆಯ ಗಡಿಯಾರಕ್ಕೂ ನಡುವೆ ಒಂದು ಗಳಿಗೆಯ ಅಂತರವಿದ್ದರೆ ಒಕ್ಕಲಿಗ ತಡಮಾಡಿದನೆಂದು ಅರ್ಥವಲ್ಲ. ಅವನು ತನ್ನ ಊರಿನ ವೇಳೆ ಹೇಳುತ್ತಿದ್ದಾನೆ.

ಒಂದೇ ರಾಜ್ಯದೊಳಗೆ ಕೂಡ ಈ ಕುರುಡು ನಡೆಯುತ್ತದೆ. ನಮ್ಮ ಬಿಸಿಲಿಗಾಗಿ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಸರ್ಕಾರಿ ಕಚೇರಿ ವೇಳೆ ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದೂವರೆ ಎಂದು ಬದಲಿಸುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಆದೇಶ ಹೊರಡುವುದು ಬೆಂಗಳೂರಿನಿಂದಲೇ. ಆದರೂ ಬೆಂಗಳೂರಿನ ಕಚೇರಿಯೊಂದು ನಮ್ಮಂಥ ನಿವೃತ್ತರಿಗೆ ಮೇ ತಿಂಗಳಲ್ಲಿ “ಮಧ್ಯಾಹ್ನ ಮೂರಕ್ಕೆ ನಿಮ್ಮ ಜಿಲ್ಲಾ ಕಚೇರಿಗೆ ದಾಖಲೆ ಸಮೇತ ಹಾಜರಾಗಿ” ಎಂದು ಬರೆಯಿತು. ಅಫಜಲಪುರದಿಂದ, ಜೇವರ್ಗಿಯಿಂದ ಉರಿಬಿಸಿಲಿನಲ್ಲಿ ಬಸ್ಸು ಹತ್ತಿ ಬಂದ ಮುದುಕರು ಬೀಗ ಹಾಕಿದ ಬಾಗಿಲ ಮುಂದೆ ಕೂತರು. ಸಮುದ್ರ ದಾಟುವುದು ಬೇಡ, ತುಂಗಭದ್ರೆ ದಾಟಿದರೆ ಸಾಕು, ಕರೆಯುವವನಿಗೆ ಕರೆಸಿಕೊಳ್ಳುವವನ ಹಗಲು ಕಾಣುವುದಿಲ್ಲ.

ದಿನ ಯಾವಾಗ ಆರಂಭವಾಗುತ್ತದೆ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಪಂಚಾಂಗದವರಿಗೆ ಸೂರ್ಯೋದಯದಿಂದ ದಿನ. ದರ್ಗಾಕ್ಕೆ ನಡೆದುಕೊಳ್ಳುವವರಿಗೆ ಸೂರ್ಯಾಸ್ತದಿಂದ. ಗುರುವಾರ ಹೊತ್ತು ಮುಳುಗಿದರೆ ಜುಮ್ಮಾದ ರಾತ್ರಿ ಬಂತು. ರೈಲಿನವರಿಗೆ, ವಿಮಾನದವರಿಗೆ ನಡುರಾತ್ರಿಯಿಂದ. ಟಿಕೆಟ್ಟಿನಲ್ಲಿ ‘15ನೇ ತಾರೀಖು, 00.20’ ಎಂದಿದ್ದರೆ ಹದಿನಾಲ್ಕರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. ಹದಿನೈದರ ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಕಲಬುರಗಿ ಸ್ಟೇಷನ್ನಿಗೆ ಬಂದು, ಗಾಡಿ ನಿನ್ನೆಯೇ ಹೋಯಿತೆಂದು ಕೇಳಿ ಕುಸಿದು ಕೂತ ಕುಟುಂಬಗಳನ್ನು ನಾನು ನೋಡಿದ್ದೇನೆ. ಅವರಿಗೆ ನಡುರಾತ್ರಿ ಕಳೆದ ಇಪ್ಪತ್ತು ನಿಮಿಷ ಎಂದರೆ ಹಿಂದಿನ ದಿನದ ರಾತ್ರಿಯೇ. ಕೋಳಿ ಕೂಗಿದ ಮೇಲಲ್ಲವೇ ಮರುದಿನ? ‘ಹದಿನಾಲ್ಕರ ರಾತ್ರಿ ಕಳೆದು’ ಎಂಬ ಮೂರು ಪದಗಳನ್ನು ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದರೆ ಯಾರ ಗಂಟು ಹೋಗುತ್ತದೆ?

“ಈಗ ಅದೆಲ್ಲ ಫೋನು ನೋಡಿಕೊಳ್ಳುತ್ತದೆ” ಎನ್ನುವವರಿದ್ದಾರೆ. ಫೋನು ಏನು ನೋಡಿಕೊಳ್ಳುತ್ತದೆ, ಏನು ನೋಡಿಕೊಳ್ಳುವುದಿಲ್ಲ ಎಂಬುದನ್ನು ಪ್ರವಾಸ ಹೋದವರನ್ನು ಕೇಳಿ. ಅಫಜಲಪುರದ ನನ್ನ ಸ್ನೇಹಿತರೊಬ್ಬರು ಮಗಳ ಮನೆಗೆಂದು ಡಲ್ಲಾಸಿಗೆ ಹೋದರು. ಹೊರಡುವ ಮೊದಲು ಫೋನಿನ ಕ್ಯಾಲೆಂಡರಿನಲ್ಲಿ ಎರಡು ಸಂಗತಿ ಬರೆದುಕೊಂಡಿದ್ದರು: ದಿನಾ ಮುಂಜಾನೆ ಎಂಟಕ್ಕೆ ಸಕ್ಕರೆ ಕಾಯಿಲೆಯ ಗುಳಿಗೆ; ರವಿವಾರ ಸಂಜೆ ಏಳಕ್ಕೆ ಊರಲ್ಲಿರುವ ತಮ್ಮನೊಡನೆ ಮಾತು. ಡಲ್ಲಾಸಿನಲ್ಲಿ ಇಳಿದು ನೋಡಿದರೆ ಗುಳಿಗೆಯ ವೇಳೆ ರಾತ್ರಿ ಒಂಬತ್ತೂವರೆ ಎಂದಿದೆ, ತಮ್ಮನ ಮಾತು ರವಿವಾರ ಮುಂಜಾನೆ ಎಂಟೂವರೆ ಎಂದಿದೆ. ಫೋನಿನ ಲೆಕ್ಕ ತಪ್ಪಲ್ಲ. ಬರೆದಿಟ್ಟ ವೇಳೆಯನ್ನು ಅದು ಭಾರತದ ವೇಳೆ ಎಂದು ಹಿಡಿದು, ಹೊಸ ಊರಿನ ವೇಳೆಗೆ ಬದಲಿಸಿ ತೋರಿಸಿತು. ತಮ್ಮನ ವಿಷಯದಲ್ಲಿ ಅದು ಸರಿ. ಅವನು ಆಳಂದದ ಸಂಜೆಯಲ್ಲಿಯೇ ಕೂತಿದ್ದಾನೆ. ಗುಳಿಗೆಯ ವಿಷಯದಲ್ಲಿ ಕೆಲಸಕ್ಕೆ ಬಾರದ್ದು. ಗುಳಿಗೆ ಮುಂಜಾನೆಯ ನಾಷ್ಟಾದ ಜೊತೆಗಿನದು. ವಿಚಿತ್ರವೆಂದರೆ ಅದೇ ಫೋನಿನ ಅಲಾರಾಂ ಡಲ್ಲಾಸಿನಲ್ಲೂ ಅಲ್ಲಿಯ ಮುಂಜಾನೆ ಎಂಟಕ್ಕೇ ಬಾರಿಸಿತು. ಒಂದೇ ಡಬ್ಬಿಯಲ್ಲಿ ಎರಡು ನ್ಯಾಯ, ಎರಡನ್ನೂ ಯಾರಿಗೂ ಹೇಳದೆ. ಸ್ನೇಹಿತರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಗುಳಿಗಿ ನನ್ನ ಹೊಟ್ಟಿ ಕೂಡ ಬರ್ತದ, ಗಡಿಯಾರದ ಕೂಡ ಅಲ್ಲ.”

ಈ ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಕೆಲವು ವೇಳೆಗಳು ನಾವಿದ್ದ ಊರಿನ ಸೂರ್ಯನಿಗೆ ಕಟ್ಟಿದವು: ಊಟ, ನಿದ್ದೆ, ಪೂಜೆ, ನಮಾಜು. ಕೆಲವು ಮತ್ತೊಬ್ಬರಿಗೆ ಕಟ್ಟಿದವು: ಸಂದರ್ಶನ, ಕೋರ್ಟಿನ ತಾರೀಖು, ಮಗನ ಫೋನು. ಮೊದಲನೆಯವು ನಮ್ಮ ಜೊತೆಗೆ ಪ್ರಯಾಣ ಮಾಡಬೇಕು. ಎರಡನೆಯವು ಮತ್ತೊಬ್ಬರ ಊರಿನಲ್ಲಿ ಉಳಿಯಬೇಕು. ಯಾವುದು ಯಾವ ಜಾತಿಯದು ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯದು, ಮನುಷ್ಯನೇ ಹೇಳಬೇಕು. ಔಷಧಿಯ ವೇಳೆಯನ್ನಂತೂ ದೂರ ಪ್ರಯಾಣಕ್ಕೆ ಮುಂಚೆ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಬೇಕು. ಕ್ಯಾಲೆಂಡರಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಇದು ಇಂಥ ಊರಿನ ವೇಳೆ ಎಂದು ನಮೂದಿಸುವ ಅನುಕೂಲ ಇದ್ದೇ ಇರುತ್ತದೆ. ಅದನ್ನು ಹುಡುಕಿ ತೆಗೆಯುವವರು ಎಷ್ಟು ಮಂದಿ?

ಪಂಚಾಂಗವನ್ನು ಮೂಢನಂಬಿಕೆ ಎಂದು ಮೂಗು ಮುರಿಯುವವರು ಈ ವಿಷಯದಲ್ಲಿ ಅದರಿಂದ ಕಲಿಯಬೇಕಾದ್ದಿದೆ. ಗಡಿಯಾಚೆಯ ಸೊಲ್ಲಾಪುರದಲ್ಲಿ ಅಚ್ಚಾಗುವುದಿರಲಿ, ಮೈಸೂರಿನಲ್ಲಿ ಅಚ್ಚಾಗುವುದಿರಲಿ, ಪಂಚಾಂಗ ಯಾವ ಊರಿನ ಸೂರ್ಯೋದಯಕ್ಕೆ ಗಣಿಸಿದ್ದು ಎಂಬುದು ಅದನ್ನು ನೋಡುವವನಿಗೆ ಮೊದಲ ಪ್ರಶ್ನೆ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಒಂದೇ ಅಲ್ಲ. ಆದ್ದರಿಂದ ನಮ್ಮಲ್ಲಿ ಮಂಗಳವಾರ ಬರುವ ಏಕಾದಶಿ ಅಮೆರಿಕದಲ್ಲಿ ಎಷ್ಟೋ ಸಲ ಸೋಮವಾರವೇ ಬರುತ್ತದೆ. ತಂದೆಯ ತಿಥಿಯನ್ನು ಡಲ್ಲಾಸಿನಲ್ಲಿ ಮಾಡುವ ಮಗ ಊರಿನ ಕ್ಯಾಲೆಂಡರಿನ ತಾರೀಖನ್ನೇ ಹಿಡಿದರೆ ಸಾಲದು, ಅಲ್ಲಿಗೆ ಗಣಿಸಿದ ಪಂಚಾಂಗ ನೋಡಬೇಕು. ಊರಿಲ್ಲದ ವೇಳೆ ಇಲ್ಲ ಎಂಬುದನ್ನು ನಮ್ಮ ಜೋಯಿಸರು ಬಲ್ಲರು, ಕಂಪನಿಗಳ ನೇಮಕಾತಿ ವಿಭಾಗದವರು ಅರಿಯರು.

ಮಕ್ಕಳ ಮಾತಿಗೆ ಬರುತ್ತೇನೆ, ಏಕೆಂದರೆ ನೋವು ಹೆಚ್ಚು ಇರುವುದು ಅಲ್ಲಿ. ನಮ್ಮ ಓಣಿಯ ಮುದುಕಿಯೊಬ್ಬರಿಗೆ ಅಮೆರಿಕದ ಮಗ ಪ್ರತಿ ರವಿವಾರ ಸಂಜೆ ಏಳಕ್ಕೆ ಫೋನು ಮಾಡುತ್ತಾನೆ. ನವೆಂಬರಿನ ಮೊದಲ ರವಿವಾರ ಏಳಾಯಿತು, ಏಳೂವರೆಯಾಯಿತು, ಫೋನಿಲ್ಲ. ಮುದುಕಿ ಊಟ ಬಿಟ್ಟು ದೇವರ ಮುಂದೆ ಕೂತರು. ಎಂಟಕ್ಕೆ ಫೋನು ಬಂತು. “ನಾ ಟೈಮಿಗೇ ಮಾಡೀನಿ ಅವ್ವಾ, ನಮ್ಮಲ್ಲಿ ಬರೋಬ್ಬರಿ ಎಂಟೂವರೆ” ಎಂದ ಮಗ. ಅವನ ಗಡಿಯಾರ ಆ ನಸುಕಿನಲ್ಲಿ ಒಂದು ತಾಸು ಹಿಂದೆ ಹೋಗಿತ್ತು, ತಾಯಿಯ ಎದೆಬಡಿತಕ್ಕೆ ಆ ರಿಯಾಯಿತಿ ಇರಲಿಲ್ಲ. ಆ ಒಂದು ತಾಸಿನಲ್ಲಿ ಆಕೆ ಎಷ್ಟು ಅಪಘಾತಗಳನ್ನು ಕಣ್ಣಮುಂದೆ ಕಂಡರೋ! “ಮುಂದಿನ ವಾರದಿಂದ ಎಂಟಕ್ಕೆ” ಎಂದು ಹಿಂದಿನ ರವಿವಾರ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

ಇದಕ್ಕೆ ಎದುರು ಜೇವರ್ಗಿಯ ಮತ್ತೊಂದು ಮನೆ. ಗಂಡ ಸೌದಿಯಲ್ಲಿ ಗೌಂಡಿ, ಹೆಂಡತಿ ಮೂರನೆಯ ಇಯತ್ತೆ ಓದಿದವಳು. ಸೌದಿ ನಮಗಿಂತ ಎರಡೂವರೆ ತಾಸು ಹಿಂದೆ ಎಂಬ ಅಂಕಿ ಅವಳಿಗೆ ಬೇಕಾಗಿಯೇ ಇಲ್ಲ. “ನಮ್ಮಲ್ಲಿ ಇಶಾದ ಬಾಂಗ್ ಆದಾಗ ಅವರದಿನ್ನೂ ಮಗ್ರಿಬ್ ಆಗಿರಲ್ರಿ, ಕೆಲಸದಾಗ ಇರ್ತಾರ. ನಾ ಊಟ ಮಾಡಿ, ಬಾಂಡೆ ತೊಳದು, ಆಮ್ಯಾಲ ಮಾಡ್ತೀನಿ” ಎನ್ನುತ್ತಾಳೆ. ತನ್ನ ವೇಳೆ ಹೇಳುವ ಮುಂಚೆ ಗಂಡ ಏನು ಮಾಡುತ್ತಿರಬಹುದು ಎಂದು ಅವಳು ನೋಡುತ್ತಾಳೆ. ವೇಳೆಯ ಪರಿವೆ ಎಂದರೆ ಇದೇ. ಪದವಿಗಳಿದ್ದವರಿಗೆ ಇಲ್ಲದ್ದು ಇವಳಿಗೆ ಇದೆ.

ಕೆಲವರು ಜಗತ್ತಿಗೆಲ್ಲ ಒಂದೇ ಗಡಿಯಾರ ಸಾಕು, ವಿಮಾನದ ಪೈಲಟ್ಟುಗಳು ಹಾಗೆಯೇ ಮಾಡುವುದಿಲ್ಲವೇ ಎನ್ನುತ್ತಾರೆ. ವಿಮಾನಕ್ಕೆ ಹಸಿವು ನಿದ್ದೆಗಳಿಲ್ಲ. ಒಂದೇ ಗಡಿಯಾರ ಬಂದರೂ ಯಾರದೋ ನಡುರಾತ್ರಿಯಲ್ಲಿ ಯಾರದೋ ಸಭೆ ನಡೆಯುವುದು ತಪ್ಪದು. ಮತ್ತೆ ಕೆಲವರು, ತಿಳಿಯದಿದ್ದರೆ ಕೇಳಬೇಕಿತ್ತು ಎನ್ನುತ್ತಾರೆ. ಕೆಲಸ ಬೇಡುವ ಹುಡುಗಿ ಕೆಲಸ ಕೊಡುವವನನ್ನು “ನೀವು ಬರೆದ ಇಎಸ್‌ಟಿ ನಿಜವಾದ ಇಎಸ್‌ಟಿಯೋ” ಎಂದು ಕೇಳಬಲ್ಲಳೇ? ಕೇಳಿದರೆ ಅದನ್ನೂ ಅಧಿಕಪ್ರಸಂಗ ಎನ್ನುವುದಿಲ್ಲವೇ? ಆದ್ದರಿಂದ ಲೆಕ್ಕದ ಹೊರೆ ಯಾವಾಗಲೂ ಬಲವುಳ್ಳವನ ಹೆಗಲ ಮೇಲಿರಬೇಕು. ಕರೆಯುವವನು ಕರೆಸಿಕೊಳ್ಳುವವನ ಗಡಿಯಾರದಲ್ಲಿ ವೇಳೆ ಹೇಳಬೇಕು.

ನಾನು ಕೇಳುವುದು ಬಹಳವಿಲ್ಲ. ಕಾಗದ ಬರೆಯುವಾಗ ಹೀಗೆ ಬರೆಯಿರಿ: “ಮಂಗಳವಾರ ಅಕ್ಟೋಬರ್ 14, ಆಳಂದದ ಮುಂಜಾನೆ ಏಳೂವರೆ, ನಮ್ಮ ಡಲ್ಲಾಸಿನ ಸೋಮವಾರ 13, ರಾತ್ರಿ ಒಂಬತ್ತು.” ವಾರ, ತಾರೀಖು, ಊರು, ಎರಡೂ ಕಡೆಯ ಗಂಟೆ, ಇಷ್ಟೇ. ಒಂದು ಕಡೆ ತಪ್ಪಿದ್ದರೆ ಮತ್ತೊಂದು ಅದನ್ನು ಹಿಡಿದು ತೋರಿಸುತ್ತದೆ. ಮೂರಕ್ಷರದ ಸಂಕ್ಷೇಪಗಳನ್ನು ಬಿಟ್ಟು ಊರಿನ ಹೆಸರು ಬರೆಯಿರಿ. ನಮ್ಮಲ್ಲಿ ಐಎಸ್‌ಟಿ ಎಂದರೆ ಭಾರತದ ವೇಳೆ. ಅದೇ ಮೂರಕ್ಷರ ಇಸ್ರೇಲಿನದೂ ಹೌದು, ಐರ್ಲೆಂಡಿನ ಬೇಸಿಗೆ ವೇಳೆಯೂ ಹೌದು. ಗಡಿಯಾರ ತಿರುಗಿಸುವ ದೇಶದವರು ತಿರುಗಿಸುವ ಹಿಂದಿನ ವಾರವೇ ಈ ಕಡೆಯವರಿಗೆ ತಿಳಿಸಿ. ನಮ್ಮ ಶಾಲೆಗಳಲ್ಲಿ ರೇಖಾಂಶ ಕಲಿಸುವ ಮಾಸ್ತರರು ಗ್ರೀನಿಚ್ಚಿನಲ್ಲಿಯೇ ನಿಲ್ಲದೆ, ರಿಯಾದಿನಲ್ಲಿರುವ ಅಪ್ಪನಿಗೆ, ಡಲ್ಲಾಸಿನಲ್ಲಿರುವ ಅಕ್ಕನಿಗೆ ಈಗ ಎಷ್ಟು ಗಂಟೆ ಎಂದು ಮಕ್ಕಳನ್ನು ಕೇಳಲಿ.

ನಮ್ಮ ಕಡೆಯವರಿಗೂ ಒಂದು ಮಾತು. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಒಂಬತ್ತು ಗಂಟೆ ಎಂದರೆ ಸಂಕೋಚವಿಲ್ಲದೆ “ಯಾರ ಒಂಬತ್ರಿ?” ಎಂದು ಕೇಳಿ. ಅದು ತಿಳಿಗೇಡಿಯ ಪ್ರಶ್ನೆಯಲ್ಲ. ವೇಳೆ ಹೇಳಿ ಊರು ಹೇಳದ ಮಾತು ಹೆಸರು ಬರೆದು ಊರು ಬರೆಯದ ಲಕೋಟೆಯಿದ್ದಂತೆ. ಅದು ಮುಟ್ಟದಿದ್ದರೆ ಕಾಯುತ್ತ ಕೂತವರನ್ನು ಬೈಯುವ ಹಕ್ಕು ಬರೆದವನಿಗಿಲ್ಲ.